ಮನೆ ಕಂಪ್ಯೂಟರ್ 24 ಗಂಟೆ ಆನ್ ಇಡಬೇಕು: ಬಿಲ್, ಬಿಸಿಲು, ಅರ್ಥಿಂಗ್, ಕರೆಂಟ್ ಹೋಗಿ ಬರೋದು

ವಿದ್ಯಾನಗರ ವಾಸಿ, ದಾವಣಗೆರೆ
ಹಳೇ ಡೆಸ್ಕ್‌ಟಾಪ್ ಒಂದಿದೆ: ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 2 ಟಿಬಿ ಹಾರ್ಡ್‌ಡಿಸ್ಕ್, ಒಂದು ಹಳೇ ಗ್ರಾಫಿಕ್ಸ್ ಕಾರ್ಡ್. ಅದರಿಂದ ಮೂರು ಕೆಲಸ ಆಗಬೇಕು. ನಾಲ್ಕು ಕ್ಯಾಮೆರಾಗಳ ರೆಕಾರ್ಡಿಂಗ್, ಮನೆಮಂದಿಯ ಫೋನಿನ ಫೋಟೊ ಬ್ಯಾಕಪ್, ಬೆಂಗಳೂರಿನಿಂದ ಅಂಗಡಿ ಲೆಕ್ಕ ತೆರೆದು ನೋಡೋದು. ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತೆ. ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ, ಗೃಹಜ್ಯೋತಿ ಇದೆ. ಬಿಲ್ ಎಷ್ಟು ಏರುತ್ತೆ? ಕರೆಂಟ್ ಹೋಗಿ ಬಂದಾಗ ತಾನೇ ಶುರುವಾಗಬೇಕು ಅಂದ್ರೆ ಏನು ಮಾಡಬೇಕು? ಏಪ್ರಿಲ್-ಮೇ ಬಿಸಿಲಿಗೆ ತಡೆಯುತ್ತಾ?

ಸಣ್ಣ ವ್ಯಾಟ್
ಮೊದಲು ಅಳೀರಿ. ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬಿ) ಮೇಲೆ 450 ವ್ಯಾಟ್ ಅಂತ ಬರೆದಿದ್ದರೆ ಅದು ಕೊಡಬಲ್ಲ ಗರಿಷ್ಠ, ದಿನವಿಡೀ ಎಳೆಯುವ ಲೆಕ್ಕ ಅಲ್ಲ. ಅಳೆಯೋಕೆ ಏನೂ ಕೊಳ್ಳಬೇಕಾಗಿಲ್ಲ. ಗೋಡೆಯ ಮೀಟರ್‌ನಲ್ಲಿ ಮಿಣುಕುವ ಕೆಂಪು ದೀಪದ ಹತ್ತಿರ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಅಚ್ಚಾಗಿರುತ್ತೆ, 1600 ಅಥವಾ 3200 ಅಂತೇನೋ. ಫ್ರಿಜ್, ಫ್ಯಾನ್, ಇನ್ವರ್ಟರ್ ಎಲ್ಲಾ ಆರಿಸಿ ಕಂಪ್ಯೂಟರ್ ಒಂದನ್ನೇ ಬಿಟ್ಟು, ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡ್ ಅಂತ ನೋಡಿ. 36 ಲಕ್ಷವನ್ನು ಆ ಅಚ್ಚಿನ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತೆ. 3200ರ ಮೀಟರ್‌ನಲ್ಲಿ 18 ಸೆಕೆಂಡಿಗೊಂದು ಮಿಣುಕು ಬಂದರೆ ಸುಮಾರು 62 ವ್ಯಾಟ್.

ನಿಮ್ಮಂಥ ಯಂತ್ರ ಗ್ರಾಫಿಕ್ಸ್ ಕಾರ್ಡ್ ಸಮೇತ ಸುಮ್ಮನೆ ಕೂತಾಗ 60 ವ್ಯಾಟ್ ಆಸುಪಾಸು ಎಳೆಯುತ್ತೆ. 60 ವ್ಯಾಟ್, 24 ಗಂಟೆ, 30 ದಿನ ಅಂದ್ರೆ 43 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 260 ರೂಪಾಯಿ.

ಆದರೆ ಗೃಹಜ್ಯೋತಿ ಇರೋ ಮನೇಲಿ ಲೆಕ್ಕ ಇಷ್ಟಕ್ಕೇ ಮುಗಿಯಲ್ಲ. ನಿಮಗೆ ಉಚಿತ ಸಿಗುವುದು 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಈಗ 165 ಯೂನಿಟ್ ಬರ್ತಿರೋ ಮನೆಗೆ 43 ಸೇರಿದರೆ 208. ಆಗ ಕಂಪ್ಯೂಟರಿನ ಖರ್ಚು 260 ಅಲ್ಲ, ಸಾವಿರದ ಮೇಲೆ. ಹಿಂದಿನ ಹನ್ನೆರಡು ತಿಂಗಳ ಬಿಲ್ ತೆಗೆದು, ಅದರಲ್ಲೂ ಏಪ್ರಿಲ್, ಮೇ ತಿಂಗಳದ್ದು ನೋಡಿ ನಿರ್ಧಾರ ಮಾಡಿ.

ಮಂಡಿಪೇಟೆ
ಆ ಗ್ರಾಫಿಕ್ಸ್ ಕಾರ್ಡ್ ಇವತ್ತೇ ಬಿಚ್ಚಿಡಿ. ನಾಲ್ಕನೇ ತಲೆಮಾರಿನ ಐ5ನಲ್ಲೇ ಡಿಸ್‌ಪ್ಲೇ ಇದೆ. 10-15 ವ್ಯಾಟ್ ಉಳಿಯುತ್ತೆ, ಒಂದು ಫ್ಯಾನ್ ಸದ್ದೂ ಕಡಿಮೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯೋ ಮೂಲ ಸೆಟ್ಟಿಂಗ್) ಸಿ-ಸ್ಟೇಟ್ಸ್, ಅಂದ್ರೆ ಪ್ರೊಸೆಸರ್ ಸುಮ್ಮನಿದ್ದಾಗ ಕರೆಂಟ್ ಉಳಿಸೋ ಹಂತಗಳು, ಎಲ್ಲಾ ಆನ್ ಇರಲಿ, ವಿಂಡೋಸ್‌ನಲ್ಲಿ ಪವರ್ ಪ್ಲಾನ್ ಬ್ಯಾಲೆನ್ಸ್ಡ್ ಇರಲಿ. ಹೈ ಪರ್ಫಾರ್ಮೆನ್ಸ್ ಇಟ್ಟರೆ ಪ್ರೊಸೆಸರ್ ಸುಮ್ಮನಿದ್ದಾಗಲೂ ಕೆಳಗಿಳಿಯಲ್ಲ.

ಇನ್ನೊಂದು ಮಾತು. ದಿನಾ ಆನ್-ಆಫ್ ಮಾಡೋದಕ್ಕಿಂತ ಸದಾ ಆನ್ ಇದ್ದರೆ ಯಂತ್ರಕ್ಕೆ ಒಳ್ಳೇದು ಅನ್ನೋದು ಅರ್ಧ ನಿಜ. ಬಿಸಿಯಾಗಿ ತಣ್ಣಗಾಗೋದು ತಪ್ಪಿದರೆ ಬೆಸುಗೆಗಳಿಗೆ ಒಳ್ಳೇದೇ. ಆದರೆ ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್‌ಗಳ ಆಯುಸ್ಸು ಗಂಟೆ ಲೆಕ್ಕದ್ದು. ಅವುಗಳ ಶಾಖ 10 ಡಿಗ್ರಿ ಇಳಿದರೆ ಆಯುಸ್ಸು ಹತ್ತಿರ ಹತ್ತಿರ ದುಪ್ಪಟ್ಟು, 10 ಡಿಗ್ರಿ ಏರಿದರೆ ಅರ್ಧ. ವರ್ಷಕ್ಕೆ 8,760 ಗಂಟೆ. ನಮ್ಮ ಊರಿನ ಬಿಸಿಲಲ್ಲಿ ಅಗ್ಗದ ಎಸ್‌ಎಂಪಿಎಸ್‌ಗೆ ಅದು ಭಾರವೇ. ಹಳೇದಿದ್ದರೆ ಯಂತ್ರದ ಉಳಿದ ಭಾಗ ಮುಟ್ಟೋ ಮೊದಲು ಅದನ್ನು ಬದಲಾಯಿಸಿ.

ದುರ್ಗದ ವೈರಿಂಗ್
ಬಿಲ್, ಬಿಸಿಲು ಎರಡಕ್ಕೂ ಮೊದಲು ಅರ್ಥಿಂಗ್ ನೋಡ್ರಿ. ಯಾರೂ ಪಕ್ಕದಲ್ಲಿ ಇಲ್ಲದಾಗ ಓಡೋ ಯಂತ್ರ ಅದು.

ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಸಾಕೆಟ್‌ನಲ್ಲಿ ಮೂರು ಅಳತೆ ತಗೊಳ್ರಿ. ಫೇಸ್-ನ್ಯೂಟ್ರಲ್ 230 ಆಸುಪಾಸು. ಫೇಸ್-ಅರ್ಥ್ ಕೂಡ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ನ್ಯೂಟ್ರಲ್-ಅರ್ಥ್ ಒಂದೆರಡು ವೋಲ್ಟ್ ಇದ್ದರೆ ಚೆನ್ನ, 5 ದಾಟಿದರೆ ಎಲ್ಲೋ ಸಡಿಲ ಐತೆ ಅಂತ. ಮೀಟರ್ ಬಹಳ ಕಡಿಮೆ ಕರೆಂಟ್ ಎಳೆಯೋದ್ರಿಂದ ಕೆಟ್ಟ ಅರ್ಥ್ ಕೂಡ ಒಮ್ಮೊಮ್ಮೆ 230 ತೋರಿಸುತ್ತೆ. ಅದಕ್ಕೇ ಎಲೆಕ್ಟ್ರಿಷಿಯನ್ ಕೈಲಿ ಅರ್ಥ್ ಟೆಸ್ಟರ್ ಹಾಕಿಸಿ ಓಮ್ ನೋಡಿಸ್ರಿ. ಮನೆಗೆ 5 ಓಮ್ ಒಳಗೆ ಇರಲಿ.

ಚಿತ್ರದುರ್ಗದ ಕಡೆ ತೊಂದರೆ ಬಂಡೆ. ಬೆಟ್ಟದ ಬುಡದ ಬಡಾವಣೆಗಳಲ್ಲಿ ನಾಲ್ಕಡಿಗೇ ಕಲ್ಲು ಸಿಗ್ತತೆ, ಅರ್ಥ್ ಪೈಪ್ ಅಷ್ಟಕ್ಕೇ ನಿಂತುಬಿಡ್ತತೆ. ಅಂಥ ಕಡೆ ಆಳಕ್ಕೆ ಹೋಗೋ ಹಟ ಬಿಟ್ಟು ಎರಡು ಮೂರು ಗುಂಡಿ ತೋಡಿ, ಒಂದಕ್ಕೊಂದು ಜಿಐ (ಸತು ಲೇಪಿತ ಕಬ್ಬಿಣದ) ಪಟ್ಟಿ ಜೋಡಿಸಿ, ಸುತ್ತ ಬೆಂಟೊನೈಟ್ (ತೇವ ಹಿಡಿದಿಡೋ ಜೇಡಿಮಣ್ಣು) ತುಂಬಬೇಕು. ದಾವಣಗೆರೆ, ಹರಿಹರದ ಎರೆ ಭೂಮೀಲಿ ತೊಂದರೆ ಬೇರೆ. ಹಸಿ ಇದ್ದಾಗ ಎರೆ ಮಣ್ಣಿಗಿಂತ ಒಳ್ಳೇ ಅರ್ಥ್ ಇಲ್ಲ. ಬೇಸಿಗೇಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರೀತತೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕ್ರಿ.

ವಿದ್ಯಾನಗರ ವಾಸಿ
ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತೆ. ಇದು ಅರ್ಥಿಂಗ್ ತೊಂದರೆಯಾ, ಕಂಪ್ಯೂಟರ್ ತೊಂದರೆಯಾ?

ದುರ್ಗದ ವೈರಿಂಗ್
ಅರ್ಥ್ ಸಿಗ್ತಾ ಇಲ್ಲ ಅನ್ನೋದರ ಗುರುತು ಅದು. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಲೋಹದ ಕ್ಯಾಬಿನೆಟ್‌ಗೆ, ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ ಒಂದೊಂದು ಫಿಲ್ಟರ್ ಕೆಪಾಸಿಟರ್ ಇರ್ತವೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಅರ್ಧ ವೋಲ್ಟೇಜ್, ಅಂದ್ರೆ 110-115 ವೋಲ್ಟ್ ತೇಲ್ತಾ ಇರ್ತತೆ. ಕರೆಂಟ್ ಮಿಲಿಆಂಪ್‌ನಷ್ಟೂ ಇರಲ್ಲ, ಅದಕ್ಕೆ ಜುಮ್ ಅನ್ನೋದಷ್ಟೇ. ಆದರೆ ಒಳಗೆ ಇನ್ಸುಲೇಶನ್ ಹಾಳಾದ ದಿನ ಅದೇ ಕ್ಯಾಬಿನೆಟ್‌ಗೆ ಪೂರ್ತಿ ಫೇಸ್ ಬರ್ತತೆ. ಎರಡು ಪಿನ್ನಿನ ಎಕ್ಸ್‌ಟೆನ್ಶನ್, ಮೂರನ್ನು ಎರಡಾಗಿಸೋ ಅಡಾಪ್ಟರ್ ನಡುವೆ ಇದ್ದರೆ ಕಿತ್ತುಹಾಕ್ರಿ. ಇದು ಸರಿಯಾಗೋ ತನಕ ರಾತ್ರಿ ಆನ್ ಬಿಡಬ್ಯಾಡ್ರಿ.

ಹಾಗೇ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯೋ ಸ್ವಿಚ್) ಇರಲಿ. ಹತ್ತಾರು ಅಡಾಪ್ಟರ್, ಎರಡು ಮೂರು ಎಸ್‌ಎಂಪಿಎಸ್ ಒಂದೇ ಆರ್‌ಸಿಸಿಬಿ ಮೇಲೆ ಬಿದ್ದರೆ ಅವುಗಳ ಸಣ್ಣ ಸೋರಿಕೆ ಸೇರಿ ಕಾರಣವಿಲ್ಲದೆ ಟ್ರಿಪ್ ಆಗೋದೂ ಉಂಟು. ಆಗ ಆರ್‌ಸಿಸಿಬಿ ಕಿತ್ತುಹಾಕೋದಲ್ಲ, ಸರ್ಕ್ಯೂಟ್ ಎರಡು ಮಾಡೋದು.

ಹರಿಹರ ಲಿನಕ್ಸ್
ತಾನೇ ಶುರುವಾಗೋ ವಿಷಯ. ಬಯಾಸ್‌ನಲ್ಲಿ "ರಿಸ್ಟೋರ್ ಆನ್ ಎಸಿ ಪವರ್ ಲಾಸ್" ಅಂತ ಇರುತ್ತೆ. ಆಯ್ಕೆ ಮೂರು: ಪವರ್ ಆಫ್, ಪವರ್ ಆನ್, ಲಾಸ್ಟ್ ಸ್ಟೇಟ್. ಹೆಚ್ಚಿನವರು ಲಾಸ್ಟ್ ಸ್ಟೇಟ್ ಇಡ್ತಾರೆ, ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಬ್ಯಾಟರಿ ಮುಗಿಯೋ ಮೊದಲು ಕಂಪ್ಯೂಟರ್ ಕ್ರಮವಾಗಿ ಶಟ್‌ಡೌನ್ ಆಗಿದ್ದರೆ ಅದರ ಕೊನೇ ಸ್ಥಿತಿ "ಆಫ್". ಕರೆಂಟ್ ಬಂದ ಮೇಲೂ ಅದು ಆಫ್ ಆಗೇ ಇರುತ್ತೆ. ಪವರ್ ಆನ್ ಅಂತಲೇ ಇಡಿ.

ಅದಕ್ಕಿಂತ ಸೂಕ್ಷ್ಮದ್ದು ಇನ್ನೊಂದಿದೆ. ಯುಪಿಎಸ್ ಬ್ಯಾಟರಿ ಶೇ. 20ಕ್ಕೆ ಬಂತು, ಕಂಪ್ಯೂಟರ್ ಶಟ್‌ಡೌನ್ ಆಯ್ತು, ಎರಡೇ ನಿಮಿಷಕ್ಕೆ ಕರೆಂಟ್ ಬಂತು ಅನ್ನಿ. ಯುಪಿಎಸ್ ಔಟ್‌ಪುಟ್ ಒಂದು ಕ್ಷಣವೂ ನಿಂತಿಲ್ಲ. ಹಾಗಾಗಿ ಬಯಾಸ್‌ಗೆ ಕರೆಂಟ್ ಹೋಗಿದ್ದೇ ಗೊತ್ತಿಲ್ಲ, ಕಂಪ್ಯೂಟರ್ ಏಳಲ್ಲ. ನೀವು ಬೆಂಗಳೂರಿನಲ್ಲಿ, ಅದು ಇಲ್ಲಿ ಮಲಗಿರುತ್ತೆ. ಇದಕ್ಕೆ ದಾರಿ ಮೂರು.

ಯುಎಸ್‌ಬಿ ಡೇಟಾ ಪೋರ್ಟ್ ಇರೋ ಯುಪಿಎಸ್ ಆದರೆ ಲಿನಕ್ಸ್‌ನ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಹಾಕಿ. ಶಟ್‌ಡೌನ್ ಕೊನೆಗೆ ಅದು ಯುಪಿಎಸ್‌ಗೇ "ಔಟ್‌ಪುಟ್ ಕಡಿದು ಮತ್ತೆ ಕೊಡು" ಅಂತ ಆಜ್ಞೆ ಕೊಡುತ್ತೆ. ಅದರಲ್ಲಿ ಆನ್‌ಡಿಲೇ (ಮತ್ತೆ ಕೊಡೋಕೆ ಕಾಯೋ ಸಮಯ) ಸಂಖ್ಯೆ ಆಫ್‌ಡಿಲೇಗಿಂತ (ಕಡಿಯೋಕೆ ಕಾಯೋ ಸಮಯ) ದೊಡ್ಡದಿರಬೇಕು. ಯುಪಿಎಸ್ ಕೊಳ್ಳುವಾಗ ಹಿಂದೆ ಆ ಪೋರ್ಟ್ ಇದೆಯಾ ನೋಡಿ. 600 ವಿಎಯ ಅಗ್ಗದ ಮಾದರಿಗಳಲ್ಲಿ ಬಹಳಷ್ಟಕ್ಕೆ ಇರಲ್ಲ. ಎರಡನೇದು, ಬಯಾಸ್‌ನ ಆರ್‌ಟಿಸಿ (ಒಳಗಿನ ಗಡಿಯಾರದ) ಅಲಾರಂ. ದಿನಾ ಬೆಳಗ್ಗೆ 6ಕ್ಕೆ ಏಳು ಅಂತ ಇಟ್ಟರೆ ಎಷ್ಟೇ ಕೆಟ್ಟರೂ ಒಂದು ದಿನದೊಳಗೆ ಎದ್ದುಬರುತ್ತೆ. ಮೂರನೇದು ವೇಕ್-ಆನ್-ಲ್ಯಾನ್: ಸದಾ ಎಚ್ಚರ ಇರೋ ಇನ್ನೊಂದು ಸಣ್ಣ ಯಂತ್ರ ಅಥವಾ ರೂಟರ್ ಇದನ್ನು ಎಬ್ಬಿಸೋದು. ಇದಕ್ಕೆ ಬಯಾಸ್‌ನಲ್ಲಿ ಇಆರ್‌ಪಿ (ಯಂತ್ರ ಮಲಗಿದಾಗ ಕರೆಂಟ್ ಉಳಿಸೋ ಸೆಟ್ಟಿಂಗ್) ಆಫ್ ಇರಬೇಕು, ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಇರಬೇಕು.

ಬಯಾಸ್ ಬ್ಯಾಟರಿ ಸಿಆರ್2032 ಹಳೇದಾಗಿದ್ದರೆ ಅದನ್ನೂ ಬದಲಾಯಿಸಿ. ಅದು ಸತ್ತಿದ್ದು, ಉದ್ದಕ್ಕೆ ಕರೆಂಟ್ ಹೋದರೆ ಸೆಟ್ಟಿಂಗ್ ಎಲ್ಲಾ ಅಳಿಸಿ "ಎಫ್1 ಒತ್ತಿ" ಅಂತ ಕಾಯ್ತಾ ನಿಲ್ಲುತ್ತೆ. ಒತ್ತೋಕೆ ಮನೇಲಿ ಯಾರೂ ಇರಲ್ಲ.

ಹೊಳಲ್ಕೆರೆ ರಸ್ತೆ
ಅವರ ಮನೇಲಿ ಇನ್ವರ್ಟರ್ ಇದೆಯಲ್ಲ, ಪ್ರತ್ಯೇಕ ಯುಪಿಎಸ್ ಬೇಕೇಬೇಕಾ?

ಹರಿಹರ ಲಿನಕ್ಸ್
ಇನ್ವರ್ಟರ್ ಯಾವುದು ಅನ್ನೋದರ ಮೇಲಿದೆ. ಹಿಂದೆ ಒಂದು ಸ್ವಿಚ್ ಇರುತ್ತೆ, ಯುಪಿಎಸ್ ಮೋಡ್ ಮತ್ತು ಇಕೋ ಅಥವಾ ನಾರ್ಮಲ್ ಮೋಡ್. ಯುಪಿಎಸ್ ಮೋಡ್‌ನಲ್ಲಿ ಸುಮಾರು 10 ಮಿಲಿಸೆಕೆಂಡ್‌ಗೆ ಬದಲಾಗುತ್ತೆ. ಇನ್ನೊಂದರಲ್ಲಿ 20-40 ಮಿಲಿಸೆಕೆಂಡ್ ತಗೊಳ್ಳಬಹುದು. ಎಟಿಎಕ್ಸ್ ಎಸ್‌ಎಂಪಿಎಸ್ ಪೂರ್ತಿ ಲೋಡ್‌ನಲ್ಲಿ ಕರೆಂಟ್ ಇಲ್ಲದೆ 16-17 ಮಿಲಿಸೆಕೆಂಡ್ ತಡೀಬೇಕು ಅನ್ನೋದು ಅಳತೆ, ಕಡಿಮೆ ಲೋಡ್‌ನಲ್ಲಿ ಇನ್ನೂ ಜಾಸ್ತಿ ತಡೆಯುತ್ತೆ. ಯುಪಿಎಸ್ ಮೋಡ್ ಇದ್ದರೆ ನಿಮ್ಮ ಯಂತ್ರಕ್ಕೆ ಧಾರಾಳ.

ಪ್ಯೂರ್ ಸೈನ್‌ವೇವ್ (ಲೈನ್ ಕರೆಂಟಿನಂತೆ ನಯವಾದ ಅಲೆ ಕೊಡೋ) ಇನ್ವರ್ಟರ್ ಆದರೆ ಯುಪಿಎಸ್ ಬೇಡ. ಸ್ಕ್ವೇರ್ ವೇವ್ ಆದರೆ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅಲೆಗೆ ಹೊಂದಿಸಿ ಎಳೆಯೋ ಸರ್ಕ್ಯೂಟ್) ಇರೋ ಒಳ್ಳೇ ಎಸ್‌ಎಂಪಿಎಸ್‌ಗಳು ಗುಂಯ್ ಅಂದು ಆಫ್ ಆಗಬಹುದು. ಸ್ಕ್ವೇರ್ ವೇವ್ ಇನ್ವರ್ಟರ್ ಹಿಂದೆ ಸಣ್ಣ ಯುಪಿಎಸ್ ಹಾಕಿದರೂ ಬಗೆಹರಿಯಲ್ಲ. ಯುಪಿಎಸ್ ಆ ಅಲೆಯನ್ನು ಕರೆಂಟ್ ಅಂತಲೇ ಒಪ್ಪದೆ ತನ್ನ ಬ್ಯಾಟರಿ ಖಾಲಿ ಮಾಡಿಕೊಂಡು ಕೂರುತ್ತೆ.

ಎಷ್ಟು ಹೊತ್ತು ಬರುತ್ತೆ ಅಂದ್ರೆ, ಸಣ್ಣ ಯುಪಿಎಸ್‌ನ ಬ್ಯಾಟರಿ 12 ವೋಲ್ಟ್ 7 ಎಎಚ್, ಹೊಸದಿದ್ದಾಗ 60 ವ್ಯಾಟ್‌ಗೆ 20-30 ನಿಮಿಷ. 150 ಎಎಚ್‌ನದು 1,800 ವ್ಯಾಟ್-ಅವರ್; ಇನ್ವರ್ಟರ್‌ನ ಸ್ವಂತ ಖರ್ಚು, ನಷ್ಟ, ಬ್ಯಾಟರಿ ವಯಸ್ಸು ಎಲ್ಲಾ ಕಳೆದರೆ ಅರ್ಧ ಹಿಡೀರಿ. ಫ್ಯಾನ್, ಲೈಟು ಅದರ ಮೇಲೇ ಇದ್ದರೆ ಇನ್ನೂ ಕಡಿಮೆ.

ಇನ್ವರ್ಟರ್ ಕಂಪ್ಯೂಟರ್‌ಗೆ "ಕರೆಂಟ್ ಹೋಯ್ತು" ಅಂತ ಹೇಳಲ್ಲ. ಅದಕ್ಕೆ ಒಂದು ಉಪಾಯ ಉಂಟು. ಇನ್ವರ್ಟರ್ ಲೈನ್‌ನಲ್ಲಿ ಇಲ್ಲದ, ನೇರ ಕರೆಂಟ್‌ನ ಸಾಕೆಟ್‌ಗೆ ಒಂದು ಹಳೇ ರೂಟರ್ ಅಥವಾ ವೈಫೈ ಪ್ಲಗ್ ಹಾಕಿ. ಕಂಪ್ಯೂಟರ್ ನಿಮಿಷಕ್ಕೊಮ್ಮೆ ಅದನ್ನು ಪಿಂಗ್ ಮಾಡಲಿ, ಅಂದ್ರೆ ಎಚ್ಚರ ಇದ್ದೀಯಾ ಅಂತ ಕೇಳಲಿ. ಸತತ ಎರಡು ಗಂಟೆ ಉತ್ತರ ಬರದಿದ್ದರೆ ಶಟ್‌ಡೌನ್. ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು. ಇಲ್ಲೂ ಇನ್ವರ್ಟರ್ ಔಟ್‌ಪುಟ್ ನಿಲ್ಲದಿರೋದ್ರಿಂದ ಆ ಬೆಳಗಿನ 6ರ ಅಲಾರಂ ಬೇಕೇ ಬೇಕು.

ಸಣ್ಣ ವ್ಯಾಟ್
ಒಂದು ಪ್ರಶ್ನೆ ಎಲ್ಲರೂ ಹಾರಿಸಿಬಿಟ್ಟಿದ್ದೇವೆ. ಆ ಐ5 ನಿಜಕ್ಕೂ 24 ಗಂಟೆ ಎದ್ದಿರಬೇಕಾ? ಕ್ಯಾಮೆರಾ, ಫೋಟೊ ಇವೆರಡಕ್ಕೆ ರಾತ್ರಿ-ಹಗಲು ಬೇಕು. ಲೆಕ್ಕದ ಸಾಫ್ಟ್‌ವೇರ್ ದಿನಕ್ಕೆ ಒಂದು ಗಂಟೆ ಸಾಕು. ಈ ಎರಡನ್ನೂ ಒಂದೇ ಯಂತ್ರಕ್ಕೆ ಕಟ್ಟಿದ್ದೇ ಖರ್ಚಿನ ಮೂಲ.

ಎನ್100 ಪ್ರೊಸೆಸರ್‌ನ ಮಿನಿ ಪಿಸಿ ಸುಮ್ಮನಿದ್ದಾಗ 6-10 ವ್ಯಾಟ್. 10 ವ್ಯಾಟ್ ಅಂದರೂ ತಿಂಗಳಿಗೆ 7 ಯೂನಿಟ್. ಇನ್ನೊಂದು ಲಾಭ: ಈಗಿನ ಕ್ಯಾಮೆರಾಗಳು ವಿಡಿಯೊವನ್ನು ಎಚ್.265 ಅನ್ನೋ ಕುಗ್ಗಿಸಿದ ರೂಪದಲ್ಲಿ ಕಳಿಸ್ತವೆ. ಎನ್100ಗೆ ಅದನ್ನು ಬಿಡಿಸೋ ಹಾರ್ಡ್‌ವೇರ್ ಒಳಗೇ ಇದೆ. ನಾಲ್ಕನೇ ತಲೆಮಾರಿನ ಐ5ಗೆ ಇಲ್ಲ, ಪ್ರೊಸೆಸರೇ ದುಡಿದು 60 ವ್ಯಾಟ್ 90ಕ್ಕೆ ಹೋಗಬಹುದು. ಐ5ನಲ್ಲೇ ಮಾಡೋದಾದರೆ ಕ್ಯಾಮೆರಾದ ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ಎರಡನೇ ವಿಡಿಯೊ) ಎಚ್.264ಕ್ಕೆ ಇಟ್ಟು, ಚಲನೆ ಗುರುತಿಸೋದನ್ನು ಅದರಲ್ಲಿ ಮಾಡಿ. ಮುಖ್ಯ ಸ್ಟ್ರೀಮ್ ಬಿಡಿಸದೆ ಹಾಗೇ ಡಿಸ್ಕ್‌ಗೆ ಬರೆಯಲಿ.

ಐ5 ಸ್ಲೀಪ್‌ನಲ್ಲಿರಲಿ, 2-3 ವ್ಯಾಟ್. ಬೆಂಗಳೂರಿನಿಂದ ಮಿನಿ ಪಿಸಿಗೆ ಬಂದು, ಅಲ್ಲಿಂದ ಐ5 ಎಬ್ಬಿಸಿ, ಕೆಲಸ ಮುಗಿದ ಮೇಲೆ ಮತ್ತೆ ಮಲಗಿಸಿ. ಮಲಗದಿದ್ದರೆ ವಿಂಡೋಸ್ ಕಮಾಂಡ್ ಕಿಟಕಿಯಲ್ಲಿ ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್ ಕೊಟ್ಟರೆ ಯಾವ ಪ್ರೋಗ್ರಾಂ ತಡೀತಿದೆ ಅಂತ ತೋರಿಸುತ್ತೆ. ತಾನೇ ಏಳ್ತಿದ್ದರೆ /ಲಾಸ್ಟ್‌ವೇಕ್.

ಮಂಡಿಪೇಟೆ
ಒಪ್ಪಿದೆ, ಆದರೆ ಮಿನಿ ಪಿಸಿಗೆ ಹತ್ತು ಸಾವಿರದ ಮೇಲೆ ಆಗುತ್ತೆ. ತಿಂಗಳಿಗೆ ಇನ್ನೂರು ರೂಪಾಯಿ ಉಳಿದರೂ ಹಣ ವಾಪಸ್ ಬರೋಕೆ ನಾಲ್ಕು ವರ್ಷ. 200 ಯೂನಿಟ್ ದಾಟೋ ಮನೆಗೆ ಸರಿ, 90 ಯೂನಿಟ್‌ನ ಮನೆಗೆ ಐ5ನೇ ಸಾಕು. ಇಲ್ಲವೇ ಮನೇಲಿ ಬಿದ್ದಿರೋ ಹಳೇ ಲ್ಯಾಪ್‌ಟಾಪ್: 10-15 ವ್ಯಾಟ್, ಬ್ಯಾಟರಿ ಒಳಗೇ ಇದೆ.

ಸಣ್ಣ ವ್ಯಾಟ್
ಲ್ಯಾಪ್‌ಟಾಪ್ ಒಳ್ಳೇದೇ, ಬ್ಯಾಟರಿ ಮಾತ್ರ ಜೋಪಾನ. 24 ಗಂಟೆ ಶೇ. 100 ಚಾರ್ಜ್‌ನಲ್ಲಿ, 38 ಡಿಗ್ರಿ ಕೋಣೆಯಲ್ಲಿ ಇದ್ದರೆ ಊದಿಕೊಳ್ಳುತ್ತೆ. ಬಯಾಸ್‌ನಲ್ಲಿ ಚಾರ್ಜ್ ಮಿತಿ 60 ಅಥವಾ 80ಕ್ಕೆ ಇಡಿ. ಆ ಸೌಲಭ್ಯ ಇಲ್ಲದಿದ್ದರೆ, ಬ್ಯಾಟರಿ ಹಳೇದಿದ್ದರೆ, ತೆಗೆದಿಟ್ಟು ಇನ್ವರ್ಟರ್ ಮೇಲೆ ಓಡಿಸಿ. ಟಚ್‌ಪ್ಯಾಡ್ ಮೇಲೆದ್ದಿದೆ, ಕೆಳಗಿನ ಮುಚ್ಚಳ ಬಿರಿದಿದೆ ಅನ್ನಿಸಿದ ದಿನವೇ ಬಂದ್ ಮಾಡಿ.

ಭದ್ರಾ ನಾಲೆ
ಬಿಸಿಲು, ದೂಳು. ದಾವಣಗೆರೆಯಲ್ಲಿ ದೂಳಿನ ಜೊತೆ ಇನ್ನೆರಡು ಸೇರುತ್ತೆ: ಅಕ್ಕಿ ಗಿರಣಿಗಳ ತೌಡು-ಹೊಟ್ಟಿನ ಪುಡಿ, ಮಂಡಕ್ಕಿ ಭಟ್ಟಿಗಳ ಮಸಿ. ಒಣ ಮಣ್ಣಿನ ದೂಳು ಊದಿದರೆ ಹೋಗುತ್ತೆ, ಮಸಿ ಹೋಗಲ್ಲ. ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಜಿಡ್ಡಾಗಿ ಹತ್ತಿಕೊಂಡು ಮೇಲಿನ ದೂಳನ್ನೂ ಹಿಡಿಯುತ್ತೆ. ಭಟ್ಟಿಗಳ ಸಮೀಪದ ಮನೆಗಳಲ್ಲಿ ಎರಡು ತಿಂಗಳಿಗೊಮ್ಮೆ ಬಿಚ್ಚಿ, ಒಣ ಬ್ರಷ್‌ನಿಂದ ಉಜ್ಜಿ, ಆಮೇಲೆ ಬ್ಲೋವರ್. ಊದುವಾಗ ಫ್ಯಾನ್ ರೆಕ್ಕೆ ಬೆರಳಿನಿಂದ ಹಿಡಿದುಕೊಳ್ಳಿ, ಹುಚ್ಚು ವೇಗಕ್ಕೆ ತಿರುಗಿದರೆ ಬೇರಿಂಗ್ ಹೋಗುತ್ತೆ. ಪಂಕ್ಚರ್ ಅಂಗಡಿ ಕಂಪ್ರೆಸರ್ ಬೇಡವೇ ಬೇಡ, ಅದರ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಬರುತ್ತೆ.

ಜಾಗ: ಪಶ್ಚಿಮದ ಗೋಡೆಗೆ ಅಂಟಿಸಬೇಡಿ, ಮಧ್ಯಾಹ್ನದ ಬಿಸಿಲು ಕುಡಿದ ಗೋಡೆ ರಾತ್ರಿ ಹನ್ನೊಂದಾದರೂ ಶಾಖ ಬಿಡ್ತಿರುತ್ತೆ. ಶೀಟಿನ ಮಾಡಿನ ಕೋಣೆ, ಅಟ್ಟ ಬೇಡ. ಬಾಗಿಲಿರೋ ಮರದ ಕಪಾಟು ಬೇಡ. ನೆಲದಿಂದ ಒಂದಡಿ ಮೇಲೆ, ಹಿಂದೆ ಅರ್ಧ ಅಡಿ ಬಿಟ್ಟು ಇಡಿ. ಕೋಣೆ 38 ಡಿಗ್ರಿ ಇದ್ದರೆ ಕ್ಯಾಬಿನೆಟ್ ಒಳಗೆ 45-48. ಪ್ರೊಸೆಸರ್ 80 ಮುಟ್ಟಿದರೂ ಹೆದರಬೇಡಿ, ಅದು ತಡೆಯುತ್ತೆ. ತಡೆಯದಿರೋದು ಹಾರ್ಡ್‌ಡಿಸ್ಕ್. ಅದು 45ರ ಒಳಗಿರಲಿ, 50 ದಾಟಿದರೆ ಅದರ ಮುಂದೆಯೇ ಒಂದು 120 ಮಿಮೀ ಫ್ಯಾನ್ ಹಾಕಿ. ಯುಪಿಎಸ್ ಬ್ಯಾಟರಿಗೂ ಇದೇ ಮಾತು, 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯುಸ್ಸು ಅರ್ಧ ಆಗ್ತಾ ಹೋಗುತ್ತೆ.

ಹಲ್ಲಿ, ಇರುವೆ ಒಳಹೋಗದ ಹಾಗೆ ಹಿಂದಿನ ಖಾಲಿ ಸ್ಲಾಟ್‌ಗಳಿಗೆ ಸೊಳ್ಳೆಜಾಲರಿ ಬಡಿಯಿರಿ. ಎಸ್‌ಎಂಪಿಎಸ್ ಬೆಚ್ಚಗಿರೋದ್ರಿಂದ ಹಲ್ಲಿ ಅಲ್ಲೇ ಸೇರೋದು, ಶಾರ್ಟ್ ಆಗೋದೂ ಅಲ್ಲೇ.

ಹೊಳಲ್ಕೆರೆ ರಸ್ತೆ
ಡಿಸ್ಕ್ ಬಗ್ಗೆ ಒಂದು ಸೇರಿಸ್ತೀನಿ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲಿ ಕೆಲವಕ್ಕೆ ತಯಾರಕರೇ ವರ್ಷಕ್ಕೆ 2,400 ಗಂಟೆ ಅಂತ ಅಳತೆ ಕೊಟ್ಟಿರ್ತಾರೆ. ನ್ಯಾಸ್ (ನೆಟ್‌ವರ್ಕ್ ಸ್ಟೋರೇಜ್) ಅಥವಾ ಸರ್ವೇಲೆನ್ಸ್ (ಕ್ಯಾಮೆರಾ ಕಾವಲು) ದರ್ಜೆಯವು 8,760 ಗಂಟೆಗೆ ಅಂತಲೇ ಬರೋದು. ಕ್ಯಾಮೆರಾ ರೆಕಾರ್ಡಿಂಗ್‌ಗೆ ಅಂಥದ್ದೇ ಹಾಕಿ. ನಾಲ್ಕು ಕ್ಯಾಮೆರಾ, ಒಂದೊಂದು 2 ಎಂಬಿಪಿಎಸ್ ಅಂದ್ರೆ ದಿನಕ್ಕೆ 86 ಜಿಬಿ. 2 ಟಿಬಿಯಲ್ಲಿ 23 ದಿನ. ಫೋಟೊಗಳನ್ನು ಅದೇ ಡಿಸ್ಕ್‌ನಲ್ಲಿ ಇಡಬೇಡಿ, ಸದಾ ಬರೀತಿರೋ ಡಿಸ್ಕ್ ಮೊದಲು ಸಾಯುತ್ತೆ. ಓಎಸ್ ಮತ್ತು ಫೋಟೊ ಎಸ್‌ಎಸ್‌ಡಿಗೆ, ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕ್‌ಗೆ ಇನ್ನೊಂದು ಪ್ರತಿ, ಆಮೇಲೆ ಆ ಡಿಸ್ಕ್ ಕಿತ್ತು ಬೀರುವಿಗೆ. 24 ಗಂಟೆ ತಗುಲಿಕೊಂಡೇ ಇರೋ ಪ್ರತಿಯನ್ನು ರ‍್ಯಾನ್ಸಂವೇರ್ ಕೂಡ ತಲುಪುತ್ತೆ, ಸಿಡಿಲೂ ತಲುಪುತ್ತೆ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡೋ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197ನೇ ಸಂಖ್ಯೆಯ ಸಾಲು ಸೊನ್ನೆಯಿಂದ ಏರಿದರೆ ಡಿಸ್ಕ್ ಬದಲಾಯಿಸಿ. 199 ಏರಿದರೆ ಡಿಸ್ಕ್ ಅಲ್ಲ, ಸಾಟಾ ಕೇಬಲ್ ನೋಡಿ.

ಹರಿಹರ ಲಿನಕ್ಸ್
ಬೆಂಗಳೂರಿನಿಂದ ಬರೋ ದಾರಿ. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ರೂಟರ್‌ನಲ್ಲಿ ತೆರೆದು ಬಿಡಬೇಡಿ, ಅದನ್ನೇ ಹುಡುಕಿಕೊಂಡು ದಿನವಿಡೀ ತಟ್ಟೋ ಬಾಟ್‌ಗಳಿವೆ. ಹೆಚ್ಚಿನ ಮನೆ ಸಂಪರ್ಕಗಳಲ್ಲಿ ಸಾರ್ವಜನಿಕ ಐಪಿ ವಿಳಾಸವೂ ಸಿಗಲ್ಲ, ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಹೊರ ವಿಳಾಸ ಕೊಡೋ ವ್ಯವಸ್ಥೆ) ಹಿಂದೆ ಇರ್ತೀರಿ. ಟೇಲ್‌ಸ್ಕೇಲ್ ಥರದ ವೈರ್‌ಗಾರ್ಡ್ ಆಧಾರಿತ ಖಾಸಗಿ ಜಾಲ (ವಿಪಿಎನ್) ಎರಡಕ್ಕೂ ಉತ್ತರ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆ ಐ5 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಸದಾ ಎಚ್ಚರ ಇರೋ ಯಂತ್ರದಲ್ಲಿ ಡೆಬಿಯನ್ ಲಿನಕ್ಸ್ ಇರಲಿ, ವಿಂಡೋಸ್ ಅದರ ಹಿಂದೆ ಬೇಕಾದಾಗ ಮಾತ್ರ ಏಳಲಿ. ಫೈಬರ್ ಡಬ್ಬಿ ಮತ್ತು ರೂಟರ್‌ಗೂ ಇನ್ವರ್ಟರ್ ಲೈನ್ ಬೇಕು, ಅವು ಮಲಗಿದರೆ ಉಳಿದದ್ದೆಲ್ಲ ಎದ್ದಿದ್ದೂ ಪ್ರಯೋಜನ ಇಲ್ಲ.

ವಿದ್ಯಾನಗರ ವಾಸಿ
ಐ5 ಸ್ಲೀಪ್, ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ ಅಂತ ಮಾಡ್ತೀನಿ. ಎರಡು ಕ್ಯಾಮೆರಾ ತಾರಸಿ ಮೇಲಿವೆ, ಲ್ಯಾನ್ ಕೇಬಲ್ ಹೊರಗೋಡೆ ಮೇಲೆ ಇಳಿದು ಬಂದಿದೆ. ಗುಡುಗು ಬಂದಾಗ ಎಲ್ಲಾ ಕೀಳಬೇಕಾ?

ದುರ್ಗದ ವೈರಿಂಗ್
ಭರಣಿ, ಕೃತ್ತಿಕೆ ಮಳೆಗೆ ಇಲ್ಲಿ ಗುಡುಗು-ಸಿಡಿಲು ಜಾಸ್ತಿ. ಹತ್ತಿರ ಎಲ್ಲೋ ಬಿದ್ದ ಸಿಡಿಲು ಆ ತಾಮ್ರದ ಕೇಬಲ್‌ನಲ್ಲಿ ವೋಲ್ಟೇಜ್ ಎಬ್ಬಿಸ್ತತೆ, ಮೊದಲು ಹೋಗೋದು ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟ್, ಆಮೇಲೆ ಕಂಪ್ಯೂಟರ್. ಮನೇಲಿದ್ದರೆ ಕೀಳೋದೇ ಸರಿ, ಆದರೆ ಸಿಡಿಲು ಶುರುವಾಗೋ ಮೊದಲು. ಇಲ್ಲದಿದ್ದಾಗಿನ ಕಾವಲಿಗೆ, ಕೇಬಲ್ ಮನೆ ಒಳಗೆ ಬರೋ ಜಾಗದಲ್ಲಿ ಪಿಒಇ (ಲ್ಯಾನ್ ಕೇಬಲ್‌ನಲ್ಲೇ ಕರೆಂಟ್ ಕೊಡೋ ವಿಧಾನ) ಸರ್ಜ್ ಪ್ರೊಟೆಕ್ಟರ್ ಹಾಕಿ ಅದರ ಹಸಿರು ತಂತಿ ಅರ್ಥ್‌ಗೆ ಕೊಡ್ರಿ. ಇನ್ನೂ ಒಳ್ಳೇದು ಅಂದ್ರೆ, ತಾರಸಿ ಮೇಲೆ ಒಂದು ಸಣ್ಣ ಪಿಒಇ ಸ್ವಿಚ್ ಇಟ್ಟು, ಅಲ್ಲಿಂದ ಕೆಳಕ್ಕೆ ಫೈಬರ್ ಎಳೆದು ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ಲ್ಯಾನ್‌ಗೆ ಬದಲಿಸೋ ಡಬ್ಬಿ). ಫೈಬರ್‌ಗೆ ಆಸರೆ ಉಕ್ಕಿನ ತಂತಿ ಇದ್ದರೆ ಅದನ್ನು ಹೊರಗೇ ಕತ್ತರಿಸ್ರಿ.

ಮೇನ್ ಬೋರ್ಡಿನಲ್ಲಿ ಟೈಪ್ 2 ಎಸ್‌ಪಿಡಿ (ಕ್ಷಣಮಾತ್ರ ನುಗ್ಗೋ ವೋಲ್ಟೇಜನ್ನು ಅರ್ಥ್‌ಗೆ ತಳ್ಳೋ ಸಾಧನ) ಒಂದು. ಅದರ ತಂತಿ ಫೇಸ್‌ನಿಂದ ಅರ್ಥ್ ತನಕ ಎಲ್ಲಾ ಸೇರಿ ಅರ್ಧ ಮೀಟರ್ ಒಳಗಿರಬೇಕು, ಉದ್ದಾದಷ್ಟೂ ಉಪಯೋಗ ಕಮ್ಮಿ. ಅದರ ಪಕ್ಕ ಓವರ್-ಅಂಡರ್ ವೋಲ್ಟೇಜ್ ಕಟಾಫ್, 180ರಿಂದ 265ಕ್ಕೆ ಸೆಟ್ ಮಾಡಿ, ಮತ್ತೆ ಆನ್ ಆಗೋಕೆ ಎರಡು ನಿಮಿಷ ತಡ ಇಡ್ರಿ. ಗಾಳಿಮಳೆಗೆ ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಮನೆಗೆ 300-400 ವೋಲ್ಟ್ ನುಗ್ಗಬಹುದು. ಅದು ಸೆಕೆಂಡುಗಟ್ಟಲೆ, ನಿಮಿಷಗಟ್ಟಲೆ ನಿಲ್ಲೋ ವೋಲ್ಟೇಜ್, ಎಸ್‌ಪಿಡಿ ಅದಕ್ಕಲ್ಲ. ಎಸ್‌ಪಿಡಿ ಕಿಟಕಿ ಹಸಿರಿದ್ದದ್ದು ಕೆಂಪಾದರೆ ಒಳಗಿನದು ಸುಟ್ಟೈತೆ ಅಂತ, ಕಾರ್ಟ್ರಿಡ್ಜ್ ಬದಲಾಯಿಸ್ರಿ.

ವಿದ್ಯಾನಗರ ವಾಸಿ
ಕಟಾಫ್ ಇನ್ವರ್ಟರ್‌ಗೆ ಮೊದಲು ಬರಬೇಕಾ, ಆಮೇಲಾ?

ದುರ್ಗದ ವೈರಿಂಗ್
ಮೊದಲು. ಮೀಟರ್, ಮೇನ್ ಸ್ವಿಚ್, ಎಸ್‌ಪಿಡಿ, ಕಟಾಫ್, ಆರ್‌ಸಿಸಿಬಿ, ಆಮೇಲೆ ಇನ್ವರ್ಟರ್‌ಗೆ ಹೋಗೋ ಎಂಸಿಬಿ. ಆಗ ವೋಲ್ಟೇಜ್ ಕೆಟ್ಟರೆ ಕಟಾಫ್ ಕಡೀತತೆ, ಇನ್ವರ್ಟರ್ ಅದನ್ನು ಕರೆಂಟ್ ಹೋದ ಹಾಗೆ ತಿಳಿದು ಬ್ಯಾಟರಿಗೆ ಬರ್ತತೆ, ಲ್ಯಾಪ್‌ಟಾಪ್ ಓಡ್ತಾನೇ ಇರ್ತತೆ. ಒಂದು ಗಮನಿಸ್ರಿ: ಇನ್ವರ್ಟರ್ ಮೇಲಿರೋ ಲೈನ್‌ಗಳಿಗೆ ಆಗ ಈ ಆರ್‌ಸಿಸಿಬಿಯ ಕಾವಲು ಇರಲ್ಲ. ಇನ್ವರ್ಟರ್ ಔಟ್‌ಪುಟ್‌ನಲ್ಲಿ ಇನ್ನೊಂದು ಎರಡು ಪೋಲ್ ಆರ್‌ಸಿಸಿಬಿ ಬೇಕಾಗ್ತತೆ, ಆ ಲೈನ್‌ನ ನ್ಯೂಟ್ರಲ್ ಬೇರೆ ನ್ಯೂಟ್ರಲ್ ಜೊತೆ ಎಲ್ಲೂ ಸೇರಿರಬಾರದು. ಹಳೇ ವೈರಿಂಗ್ ಮನೆಗಳಲ್ಲಿ ಅದು ಸ್ವಿಚ್‌ಬೋರ್ಡ್ ಒಳಗೆ ಸೇರಿರ್ತತೆ, ಹುಡುಕಿ ಬಿಡಿಸೋಕೆ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ.